ಬಿ.ಕಾಂ ಓದಿದವರು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿ ಸೋಶಿಯಲ್ ವರ್ಕರ್ ಆಗಬಹುದಾ?

ಧಾರಾಳವಾಗಿ ಆಗಬಹುದು. ಎಂಎಸ್‌ಡಬ್ಲ್ಯೂಗೆ ಸಾಮಾನ್ಯವಾಗಿ ಯಾವುದೇ ಪದವಿ ಸಾಕು, ಬಿಎಸ್‌ಡಬ್ಲ್ಯೂನೇ (ಸಮಾಜಕಾರ್ಯದ ಪದವಿ) ಆಗಿರಬೇಕು ಅಂತೇನಿಲ್ಲ. ಎರಡು ವರ್ಷದ ಕೋರ್ಸ್. ಮಂಗಳೂರಿನ ರೋಶನಿ ನಿಲಯದಂಥ ಹಳೆಯ ಸಂಸ್ಥೆಯಲ್ಲೂ, ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲೂ ಇದೆ.

ಕಾಲೇಜು ಆರಿಸುವಾಗ ಫೀಸಿಗಿಂತ ಮೊದಲು ಫೀಲ್ಡ್‌ವರ್ಕ್ ಬಗ್ಗೆ ವಿಚಾರಿಸಿ. ಪಾಠದ ಜೊತೆಗೇ ಆಸ್ಪತ್ರೆ, ಶಾಲೆ, ಎನ್‌ಜಿಒಗಳಲ್ಲಿ ಕೆಲಸ ಮಾಡಿ ವರದಿ ಬರೆಯಬೇಕು. ಅದನ್ನು ಓದಿ, ತಿದ್ದಿ, ಪ್ರಶ್ನೆ ಕೇಳುವ ಮೇಷ್ಟ್ರು ಇದ್ದಾರಾ? ಇಲ್ಲದಿದ್ದರೆ ಸುಮ್ನೆ ಸಹಿ ಹಾಕಿಸಿಕೊಂಡು ಬರುವುದಷ್ಟೇ ಆಗುತ್ತದೆ. ಅಂಥ ಕಡೆ ಸೀಟು ಸಿಕ್ಕರೂ ನಾನಾದರೆ ಹೋಗುವುದಿಲ್ಲ.

ಮಾನಸಿಕ ಆರೋಗ್ಯದ ಕಡೆ ಒಲವಿದ್ದರೆ ಎಂಎಸ್‌ಡಬ್ಲ್ಯೂ ಒಂದೇ ಸಾಲದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಅನ್ನಿಸಿಕೊಳ್ಳಲು ಅದೇ ವಿಷಯದಲ್ಲಿ ಎಂ.ಫಿಲ್ (ಸ್ನಾತಕೋತ್ತರದ ನಂತರದ ಪದವಿ) ಕೂಡ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಈ ತರಬೇತಿಗೆ ಹೆಸರುವಾಸಿ, ಪೈಪೋಟಿಯೂ ಜಾಸ್ತಿ.