ಪ್ರತಿಕ್ರಿಯೆ: ಅಂಕೋಲೆಯ ಹಂಚಿನ ಮನೆಗೆ 3 ಕಿಲೋವ್ಯಾಟ್ ಸೋಲಾರ್, ಸಬ್ಸಿಡಿ ಹೇಗೆ?

ಮನೆ ಛಾವಣಿಯ ಸೋಲಾರ್‌ಗೆ ಕೇಂದ್ರ ಸರ್ಕಾರ ನೆರವು ಕೊಡುವ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ. ಅದಕ್ಕಿಂತ ದೊಡ್ಡದು ಹಾಕಿದರೂ ಅಷ್ಟೇ.

ಮೀಟರ್ ತೀರಿಹೋದ ತಂದೆಯವರ ಹೆಸರಲ್ಲೇ ಇದೆ ಎಂದಿದ್ದೀರಿ. ಮೊದಲು ಹೆಸ್ಕಾಂನಲ್ಲಿ ಹೆಸರು ಬದಲಾಯಿಸಿ, ಆಮೇಲೆ ಯೋಜನೆಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಬಿಲ್, ಅರ್ಜಿ, ಬ್ಯಾಂಕ್ ಖಾತೆ ಮೂರರಲ್ಲೂ ಒಂದೇ ಹೆಸರಿರಲಿ. ಹೆಸರು ಹೊಂದದೆ ಹಣ ತಡೆಯಾಗುವುದುಂಟು. ನೀವು ಲೈನಿಗೆ ಕೊಟ್ಟ, ಲೈನಿನಿಂದ ಪಡೆದ ಕರೆಂಟ್ ಎರಡನ್ನೂ ಅಳೆಯುವ ನೆಟ್ ಮೀಟರ್ ಕೂತು ಪರಿಶೀಲನೆ ಮುಗಿದ ಮೇಲೆ ಸಬ್ಸಿಡಿ ನೇರ ನಿಮ್ಮ ಖಾತೆಗೆ ಬರುತ್ತದೆ. ಹಾಗಾಗಿ ಆರಂಭದಲ್ಲಿ ಪೂರ್ತಿ ಹಣ ಅಥವಾ ಸಾಲ ನೀವೇ ಹೊಂದಿಸಬೇಕು. ಪ್ಯಾನೆಲ್, ಅದರೊಳಗಿನ ಸೆಲ್ ಎರಡೂ ದೇಶದಲ್ಲೇ ತಯಾರಾದ 'ಡಿಸಿಆರ್' ಮಾಲು ಎಂದು ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ಸಬ್ಸಿಡಿ ಇಲ್ಲ.

ಕರೆಂಟ್ ಹೋದಾಗ ಈ ಸೋಲಾರ್ ನಡೆಯುವುದಿಲ್ಲ. ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದು ಕರೆಂಟ್ ಲೈನಿಗೆ ಜೋಡಿಸಿದ (ಆನ್‌ಗ್ರಿಡ್) ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಮಳೆಗಾಲಕ್ಕೆ ಬ್ಯಾಟರಿ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್ ತಗೊಳ್ಳಿ. ಬ್ಯಾಟರಿಗೆ ಪ್ರತ್ಯೇಕ ಸಬ್ಸಿಡಿ ಸಿಗದು.

ಹಂಚಿನ ಮೇಲೆ ನೇರ ಕೂರಿಸಲು ಬಿಡಬೇಡಿ. ಹಂಚು ಸರಿಸಿ, ಕೆಳಗಿನ ಪಕಾಸಿಗೆ ಕ್ಲ್ಯಾಂಪ್ ಬಿಗಿಯಬೇಕು. ಗೆದ್ದಲು ತಿಂದಿದ್ದರೆ ಮೊದಲು ಮರ ಬದಲಿಸಿ. ಕಡಲ ಉಪ್ಪುಗಾಳಿಗೆ ಬಣ್ಣ ಬಳಿದ ಕಬ್ಬಿಣ ಬಾಳುವುದಿಲ್ಲ. ಕರಗಿದ ಸತುವಿನಲ್ಲಿ ಅದ್ದಿದ (ಹಾಟ್‌ಡಿಪ್ ಗ್ಯಾಲ್ವನೈಸ್ಡ್) ಚೌಕಟ್ಟು, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಕೇಳಿ. ತೆಂಗಿನ ಗರಿಯ ನೆರಳು ಒಂದೇ ಪ್ಯಾನೆಲ್ ಮೇಲೆ ಬಿದ್ದರೂ ಇಡೀ ಸಾಲಿನ ಉತ್ಪಾದನೆ ಇಳಿಯುತ್ತದೆ.

ಇನ್ನೊಂದು ಮಾತು: ಗೃಹಜ್ಯೋತಿಯಲ್ಲಿ ಬಿಲ್ ಈಗಲೇ ಸೊನ್ನೆ ಬರುತ್ತಿದ್ದರೆ ಅವಸರ ಬೇಡ, ಉಳಿತಾಯವೇ ಇರುವುದಿಲ್ಲ. ಬೇಸಿಗೆಯಲ್ಲಿ ಎಸಿ, ಪಂಪಿನಿಂದ 200 ಯೂನಿಟ್ ದಾಟಿದರೆ ಲೆಕ್ಕ ಬೇರೆ.