ಹಾಸನದ ಮನೆಯಲ್ಲಿ ಉಪ್ಪುನೀರಿನ ರೀಫ್ ಟ್ಯಾಂಕ್ ಇಡಬೇಕು, ಯಾವ ಫಿಲ್ಟರ್ ತಗೊಳ್ಳಲಿ?

ನೀವು ಕೇಳಿದ್ದು ಇಷ್ಟು: ಹಾಸನದಲ್ಲಿ ಮನೆ. ಅಲ್ಲಿ ರೀಫ್ ಟ್ಯಾಂಕ್, ಅಂದರೆ ಹವಳ, ಸಮುದ್ರದ ಮೀನು ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿ, ಇಡಬೇಕು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಆಗಲೇ ಮಾಡಿಸಿದ್ದೀರಿ. ಒಬ್ಬ ಅಂಗಡಿಯವರು ದೊಡ್ಡ ಕ್ಯಾನಿಸ್ಟರ್ ಫಿಲ್ಟರ್ (ಸ್ಪಂಜು ತುಂಬಿದ ಮುಚ್ಚಿದ ಡಬ್ಬಿ) ಒಂದೇ ಸಾಕು ಅಂದರು. ಇನ್ನೊಬ್ಬರು ಸಂಪ್, ಸ್ಕಿಮ್ಮರ್, ಯುವಿ, ರಿಯಾಕ್ಟರ್ ಅಂತ ಉದ್ದದ ಚೀಟಿ ಬರೆದುಕೊಟ್ಟರು. ಯಾರ ಮಾತು ಕೇಳೋದು ಅಂತ ನಿಮ್ಮ ಪ್ರಶ್ನೆ.

ಇಬ್ಬರದೂ ಪೂರ್ತಿ ಕೇಳಬೇಡಿ. ನಾನು ಚಿಕ್ಕಮಗಳೂರಿನಲ್ಲಿ ಇದೇ ಅಳತೆಯ ಟ್ಯಾಂಕ್ ಇಟ್ಟು ಆರು ವರ್ಷ ಆಯಿತು. ಮೊದಲ ವರ್ಷ ಕ್ಯಾನಿಸ್ಟರ್‌ನಲ್ಲೇ ಓಡಿಸಿದೆ. ಈಗ ಅದು ಅಟ್ಟದ ಮೇಲೆ ಧೂಳು ತಿನ್ನುತ್ತಿದೆ.

ಮೊದಲು ಒಂದು ವಿಷಯ. ರೀಫ್ ಟ್ಯಾಂಕಿನ ನಿಜವಾದ ಫಿಲ್ಟರ್ ಡಬ್ಬಿಯಲ್ಲಿ ಬರಲ್ಲ, ಅದು ಕಲ್ಲು. ಮೀನಿನ ಗಲೀಜು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ಕೂತ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಕಲ್ಲಿನ ಒಳಗೆ, ಗಾಳಿ ಕಡಿಮೆ ಇರುವ ಕಡೆ, ಸ್ವಲ್ಪ ನೈಟ್ರೇಟ್ ಸಾರಜನಕವಾಗಿ ಹೊರಗೂ ಹೋಗುತ್ತದೆ. ಇದೆಲ್ಲ ಶುರುವಾಗೋಕೆ ನಾಲ್ಕರಿಂದ ಆರು ವಾರ ಬೇಕು. ಅಲ್ಲಿವರೆಗೆ ಮೀನು ಬಿಡಬೇಡಿ, ಮಕ್ಕಳು ಎಷ್ಟೇ ಹಠ ಮಾಡಲಿ.

ಕಲ್ಲು ಅಂದಾಗ ಒಂದು ಎಚ್ಚರಿಕೆ. "ಲೈವ್ ರಾಕ್" ಅಂತ ಸಮುದ್ರದ ಹವಳದ ದಿಬ್ಬದಿಂದ ಒಡೆದು ತಂದ ಕಲ್ಲು ಮಾರುವವರಿದ್ದಾರೆ. ಮುಟ್ಟಲೇಬೇಡಿ. ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲ್‌ನಲ್ಲಿವೆ. ನಮ್ಮ ಭದ್ರಾ ಕಾಡಿನ ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಬೀಸಣಿಗೆ ಆಕಾರದ ಹವಳ ಸೀ ಫ್ಯಾನ್, ಕಡಲಕುದುರೆ ಕೂಡ ಕಾಯ್ದೆಯ ರಕ್ಷಣೆಯಲ್ಲಿವೆ. ತಯಾರು ಮಾಡಿದ ಒಣ ಕಲ್ಲು ಸಿಗುತ್ತದೆ, ಅದರಲ್ಲೇ ಶುರು ಮಾಡಿ. ಒಳಗೆ ಮಶ್ರೂಮ್, ಜೊಯಾಂಥಿಡ್ ತರಹದ, ಗಟ್ಟಿ ಹವಳವಲ್ಲದ ಮೆತ್ತನೆಯ ಜಾತಿಗಳು ಸಾಕು. ಇವಕ್ಕೆ ನೈಟ್ರೇಟ್ 5ರಿಂದ 15 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ) ಇದ್ದರೂ ಪರವಾಗಿಲ್ಲ. ಹಾಗಾಗಿ ಆ ಉದ್ದದ ಚೀಟಿಯಲ್ಲಿ ಅರ್ಧ ಸಾಮಾನು ಇಲ್ಲೇ ಹೊಡೆದುಹೋಯಿತು.

ಇನ್ನು ಕ್ಯಾನಿಸ್ಟರ್. ಅದೇನು ಕೆಟ್ಟದ್ದಲ್ಲ. ಆದರೆ ಮುಚ್ಚಿದ ಡಬ್ಬಿ. ಗಲೀಜು ಸ್ಪಂಜಿನಲ್ಲಿ ಸಿಕ್ಕಿಕೊಂಡು ಅಲ್ಲೇ ಕೊಳೆಯುತ್ತದೆ, ಅದರ ರಸ ಮತ್ತೆ ಟ್ಯಾಂಕಿಗೇ ಬರುತ್ತದೆ. ವಾರ ವಾರ ಬಿಚ್ಚಿ ತೊಳೆಯುವವರಿಗೆ ಸರಿ. ನಾನು ಮೊದಲ ತಿಂಗಳು ತೊಳೆದೆ, ಆಮೇಲೆ ಕಾಫಿ ಕೊಯ್ಲು ಬಂತು, ಅಲ್ಲಿಗೆ ಮುಗೀತು. ಎರಡು ತಿಂಗಳು ಬಿಟ್ಟು ಮುಚ್ಚಳ ತೆಗೆದಾಗ ಬಂದ ವಾಸನೆ ಈಗಲೂ ಮೂಗಿನಲ್ಲಿದೆ.

ಪ್ರೋಟೀನ್ ಸ್ಕಿಮ್ಮರ್ ಬೇರೆ ಜಾತಿ. ನೀವು ಹಾಸನದವರು, ಆಲೆಮನೆ ನೋಡಿರುತ್ತೀರಿ. ಕಬ್ಬಿನ ಹಾಲು ಕುದಿಯುವಾಗ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ಎತ್ತಿ ಆಚೆ ಹಾಕುತ್ತಾರಲ್ವಾ? ಸ್ಕಿಮ್ಮರ್ ಬೆಂಕಿ ಇಲ್ಲದೆ ಅದನ್ನೇ ಮಾಡುತ್ತದೆ. ಪಂಪು ನೀರಿಗೆ ಗಾಳಿ ಸೇರಿಸಿ ಹಿಟ್ಟಿನಂಥ ಸಣ್ಣ ಗುಳ್ಳೆ ಎಬ್ಬಿಸುತ್ತದೆ. ಕರಗಿದ ಜಿಡ್ಡು, ಪ್ರೋಟೀನ್ ಗುಳ್ಳೆಗೆ ಅಂಟಿ ಕೊಳವೆ ಹತ್ತಿ ಮೇಲಿನ ಬಟ್ಟಲಿಗೆ ಬೀಳುತ್ತದೆ. ಅಂದರೆ ಗಲೀಜು ಕೊಳೆಯುವ ಮೊದಲೇ ನೀರಿನಿಂದ ಆಚೆ. ಉಪ್ಪುನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರದೆ ಸಣ್ಣದಾಗಿಯೇ ಉಳಿಯುತ್ತವೆ. ಸಿಹಿನೀರಿನ ಟ್ಯಾಂಕಿಗೆ ಇದು ಹೊಂದದಿರುವುದಕ್ಕೆ ಅದೇ ಕಾರಣ. ನನ್ನ ಬಟ್ಟಲಲ್ಲಿ ಮೂರು ದಿನಕ್ಕೆ ಅರ್ಧ ಲೋಟ ಡಿಕಾಕ್ಷನ್ ಬಣ್ಣದ ನೀರು ತುಂಬುತ್ತದೆ. ಬಣ್ಣ ಮಾತ್ರ ಡಿಕಾಕ್ಷನ್, ವಾಸನೆ ನೋಡೋಕೆ ಹೋಗಬೇಡಿ.

ಅಳತೆ ಹೇಳುತ್ತೇನೆ. ನಿಮ್ಮ ಟ್ಯಾಂಕ್ ಅಂಚಿನವರೆಗೆ ತುಂಬಿದರೆ ಸುಮಾರು 190 ಲೀಟರ್. ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ 150 ಲೀಟರ್ ನೀರು ಅಂತ ಇಟ್ಟುಕೊಳ್ಳಿ. ಡಬ್ಬಿ ಮೇಲೆ 300 ಲೀಟರ್ ಅಂತ ಬರೆದಿರುವ ಸ್ಕಿಮ್ಮರ್ ತಗೊಳ್ಳಿ. ಕಂಪನಿಯವರ ಲೆಕ್ಕ ಯಾವಾಗಲೂ ಧಾರಾಳ. ಹೊಸದು ತಂದ ಮೊದಲ ವಾರ ಸರಿಯಾಗಿ ನೊರೆ ಬರಲ್ಲ, ಗಾಬರಿ ಬೇಡ. ಮತ್ತೆ, ತಲೆಗೆ ಎಣ್ಣೆ ಹಚ್ಚಿದ ಕೈಯನ್ನು ನೀರಿಗೆ ಅದ್ದಿದರೂ ನೊರೆ ಕುಸಿಯುತ್ತದೆ. ನಮ್ಮ ಮನೆಯಲ್ಲಿ ಭಾನುವಾರ ಸ್ಕಿಮ್ಮರ್ ಯಾಕೆ ಮಲಗುತ್ತದೆ ಅಂತ ನನಗೆ ತಿಳಿಯೋಕೆ ಎರಡು ತಿಂಗಳು ಹಿಡಿಯಿತು.

ಸ್ಕಿಮ್ಮರ್ ಇಡೋಕೆ ಸಂಪ್ ಬೇಕು. ಮನೆ ಮುಂದೆ ನೆಲದಡಿ ಇರುತ್ತಲ್ಲ, ಆ ಸಂಪ್ ಅಲ್ಲ. ನಮ್ಮ ಪ್ಲಂಬರ್ ಪೈಪು ಹಿಡಿದು ಸೀದಾ ಅಂಗಳಕ್ಕೇ ಹೋಗಿದ್ದರು. ಇದು ಟ್ಯಾಂಕಿನ ಕೆಳಗೆ ಸ್ಟ್ಯಾಂಡಿನೊಳಗೆ ಕೂರುವ ಇನ್ನೊಂದು ಗಾಜಿನ ತೊಟ್ಟಿ. ಮೇಲಿಂದ ನೀರು ಇಳಿಯುತ್ತದೆ, ಬಟ್ಟೆಯ ಚೀಲದಲ್ಲಿ ಸೋಸಿ ಸ್ಕಿಮ್ಮರ್ ದಾಟುತ್ತದೆ, ಪಂಪು ಮತ್ತೆ ಮೇಲೆತ್ತುತ್ತದೆ. ಆ ಚೀಲವನ್ನು ಮೂರ್ನಾಲ್ಕು ದಿನಕ್ಕೊಮ್ಮೆ ಬದಲಿಸಬೇಕು, ಇಲ್ಲದಿದ್ದರೆ ಅದೂ ಕ್ಯಾನಿಸ್ಟರ್ ಆಗುತ್ತದೆ. ಪಂಪು ಗಂಟೆಗೆ 800ರಿಂದ 1000 ಲೀಟರ್ ಮೇಲಕ್ಕೆ ಕೊಟ್ಟರೆ ಸಾಕು. ನಾಲ್ಕಡಿ ಎತ್ತುವಾಗ ಡಬ್ಬಿ ಮೇಲಿನ ಲೆಕ್ಕ ಸಿಗಲ್ಲ, ಅದಕ್ಕೆ ಎರಡರಷ್ಟು ದೊಡ್ಡದು ನೋಡಿ.

ಈಗ ನಾನು ಮಾಡಿದ ಎಡವಟ್ಟು. ಆಷಾಢದ ಒಂದು ರಾತ್ರಿ, ಗಾಳಿ ಮಳೆ, ಎಲ್ಲೋ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಬೆಳಗಿನ ಜಾವ ಎದ್ದು ಕಾಲಿಟ್ಟರೆ ಹಾಲ್ ತುಂಬಾ ನೀರು. ಅಮ್ಮ ಹೆಂಚು ಸೋರಿದೆ ಅಂದರು. ಬೆರಳು ಅದ್ದಿ ನೆಕ್ಕಿ ನೋಡಿದೆ, ಉಪ್ಪು. ಆಗಿದ್ದು ಇಷ್ಟೇ: ನೀರು ಮೇಲೆತ್ತುವ ಪೈಪಿನ ಬಾಯಿ ನೀರಿನ ಮಟ್ಟದಿಂದ ಎರಡಿಂಚು ಕೆಳಗಿತ್ತು. ಪಂಪು ನಿಂತ ಕೂಡಲೇ ಅದೇ ಪೈಪು ನೀರನ್ನು ಕೆಳಕ್ಕೆ ಎಳೆಯೋಕೆ ಶುರು ಮಾಡಿತು. 90 ಸೆಂಟಿಮೀಟರ್ ಉದ್ದ, 45 ಅಗಲ, 5 ಸೆಂಟಿಮೀಟರ್ ಇಳಿದರೆ 20 ಲೀಟರ್. ನನ್ನ ಸಂಪಿನಲ್ಲಿ ಐದು ಲೀಟರಿಗೂ ಜಾಗ ಇರಲಿಲ್ಲ. ಈಗ ಆ ಪೈಪಿಗೆ ನೀರಿನ ಮಟ್ಟದ ಹತ್ತಿರ ಸಣ್ಣ ತೂತು ಕೊರೆದಿದ್ದೇನೆ. ಅಲ್ಲಿಂದ ಗಾಳಿ ಹೊಕ್ಕು ಎಳೆತ ನಿಲ್ಲುತ್ತದೆ. ಪಾಚಿ ಕಟ್ಟಿದರೆ ಕೆಲಸ ಮಾಡಲ್ಲ, ಕಡ್ಡಿಯಿಂದ ಆಗಾಗ ಚುಚ್ಚಬೇಕು. ಟ್ಯಾಂಕ್ ತುಂಬಿದ ದಿನವೇ ನೀವಾಗಿ ಸ್ವಿಚ್ ಆಫ್ ಮಾಡಿ ಅರ್ಧ ಗಂಟೆ ಪಕ್ಕದಲ್ಲೇ ಕೂತು ನೋಡಿ. ಕೆಳಗೆ ಎಷ್ಟು ಏರುತ್ತದೋ ಅದರ ಮೇಲೆ ಮಾರ್ಕರ್‌ನಲ್ಲಿ ಗೆರೆ ಹಾಕಿ.

ಕರೆಂಟ್ ಹೋದಾಗ ಸ್ಕಿಮ್ಮರ್ ನಿಂತರೆ ಏನೂ ಆಗಲ್ಲ, ಉಸಿರಾಡೋಕೆ ಆಮ್ಲಜನಕ ಬೇಕು ಅಷ್ಟೇ. ಬ್ಯಾಟರಿಯ ಏರ್ ಪಂಪ್ ಒಂದು ಇಟ್ಟುಕೊಳ್ಳಿ. ಇನ್ವರ್ಟರ್ ಇದ್ದರೆ ಟ್ಯಾಂಕಿನ ನೀರು ಅಲುಗಿಸುವ ಒಂದು ವೇವ್‌ಮೇಕರ್ ಮಾತ್ರ ಅದಕ್ಕೆ ಕೊಡಿ.

ಸ್ಕಿಮ್ಮರ್‌ಗಿಂತ ಮೊದಲು ದುಡ್ಡು ಹಾಕಬೇಕಾದ್ದು ನೀರು ಶುದ್ಧ ಮಾಡುವುದಕ್ಕೆ. ಹೇಮಾವತಿ ನೀರು ಕುಡಿಯೋಕೆ ಚೆನ್ನ, ಆದರೆ ನಲ್ಲಿಯಲ್ಲಿ ಕ್ಲೋರಿನ್ ಸೇರಿ ಬರುತ್ತದೆ. ಬೋರ್ ನೀರಿನಲ್ಲಿ ಇನ್ನೇನೇನೋ. ಅಡುಗೆಮನೆಯ ಆರ್‌ಒ ಸಾಲದು, ಬಹಳಷ್ಟು ಮೆಷಿನ್‌ಗಳು ರುಚಿಗೆ ಅಂತ ಖನಿಜ ವಾಪಸ್ ಸೇರಿಸುತ್ತವೆ. ಆರ್‌ಒ ಆದಮೇಲೆ ಡಿಐ ರೆಸಿನ್ (ಉಳಿದ ಲವಣ ಹಿಡಿಯುವ ಸಣ್ಣ ಮಣಿಗಳು) ಇರುವ ಯೂನಿಟ್ ಬೇಕು, ನೀರಿನಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಅದಕ್ಕೆ ರೀಫ್ ಉಪ್ಪು ಬೆರೆಸಿ ಸಾಂದ್ರತೆ 1.025ಕ್ಕೆ ತನ್ನಿ. ಆವಿಯಾಗಿ ಇಳಿದ ನೀರಿನ ಜಾಗಕ್ಕೆ ಬರೀ ಶುದ್ಧ ನೀರು, ಉಪ್ಪುನೀರಲ್ಲ. ಮಂಗಳೂರಿಂದ ಕ್ಯಾನಿನಲ್ಲಿ ಸಮುದ್ರದ ನೀರು ತರುವ ಆಸೆ ನನಗೂ ಇತ್ತು. ಮಳೆಗಾಲದಲ್ಲಿ ನೇತ್ರಾವತಿ ಕೆಂಪಗೆ ಕಡಲು ಸೇರುವುದನ್ನು ಒಮ್ಮೆ ನೋಡಿದ ಮೇಲೆ ಬಿಟ್ಟೆ.

ಯುವಿ, ಅಂದರೆ ನೀರಿನ ರೋಗಾಣು ಕೊಲ್ಲುವ ದೀಪ, ಈಗ ಬೇಡ. ರಿಯಾಕ್ಟರ್ ಅಂದರೆ ನೀರಿನ ಫಾಸ್ಫೇಟ್ ಹೀರುವ ಡಬ್ಬಿ; ಟೆಸ್ಟ್ ಮಾಡಿ ಫಾಸ್ಫೇಟ್ ಜಾಸ್ತಿ ಕಂಡರೆ ಮಾತ್ರ, ಸುಮ್ನೆ ಹಾಕಿ ಸೊನ್ನೆಗೆ ಇಳಿಸಿದರೆ ಹವಳ ಸೊರಗುತ್ತದೆ. ಒಂದು ಚೀಲ ಆಕ್ಟಿವೇಟೆಡ್ ಕಾರ್ಬನ್ ಸಂಪಿನಲ್ಲಿಟ್ಟು ತಿಂಗಳಿಗೊಮ್ಮೆ ಬದಲಿಸಿ.

ಯಾವ ಫಿಲ್ಟರೂ ಉಳಿಸದ ಒಂದು ವಿಷ ನಮ್ಮ ಕಡೆ ಮನೆ ಮನೆಯಲ್ಲಿದೆ: ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಬೆರೆಸಿದ ಬಕೆಟ್ ಎಷ್ಟು ತೊಳೆದರೂ ಟ್ಯಾಂಕಿನ ಹತ್ತಿರ ತರಬೇಡಿ. ತಾಮ್ರ ಚೂರು ಸೇರಿದರೂ ಬಸವನಹುಳು, ಸೀಗಡಿ, ಹವಳ ಹೋಗುತ್ತವೆ. ತಾಮ್ರದ ಕೊಡ, ಹಿತ್ತಾಳೆ ಫಿಟ್ಟಿಂಗ್ ಕೂಡ ಬೇಡ.

ಒಂದು ವಿಷಯ ನೀವು ಹೇಳಿಲ್ಲ: ಟ್ಯಾಂಕಿಗೆ ನೀರು ಇಳಿಯುವ ತೂತು ಕೊರೆಸಿದ್ದೀರಾ? ಇಲ್ಲದಿದ್ದರೆ, ಗಾಜು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಹೌದೋ ಅಲ್ಲವೋ ಮಾಡಿದವರನ್ನು ಕೇಳಿ. ಟಫನ್ಡ್ ಆದರೆ ಡ್ರಿಲ್ ತಾಗಿದ ಕೂಡಲೇ ಪುಡಿಪುಡಿ. ಅಂಚಿಗೆ ನೇತುಹಾಕುವ ಓವರ್‌ಫ್ಲೋ ಬಾಕ್ಸ್ ಸಿಗುತ್ತದೆ, ಆದರೆ ಕರೆಂಟ್ ಹೋಗಿ ಬಂದಾಗ ಅದರ ಸೈಫನ್ (ನೀರಿನ ಎಳೆತ) ಕಡಿದರೆ ಈ ಸಲ ನೀರು ಮೇಲಿನ ಟ್ಯಾಂಕಿಂದ ಚೆಲ್ಲುತ್ತದೆ. ಗಾಜು ಟಫನ್ಡ್ ಆಗಿದ್ದಲ್ಲಿ ಸಂಪ್ ಬಿಟ್ಟುಬಿಡಿ, ಹಿಂಬದಿಗೆ ನೇತುಹಾಕುವ ಸ್ಕಿಮ್ಮರ್ ತಗೊಳ್ಳಿ. ಯಾವುದು ಅಂತ ತಿಳಿಸಿ, ಪೈಪಿನ ಅಳತೆ ಆಮೇಲೆ ನೋಡೋಣ.