ಅಲ್ಸರೇಟಿವ್ ಕೊಲೈಟಿಸ್‌ಗೆ ಮಾತ್ರೆ ಬಿಟ್ಟು ಪಥ್ಯ, ಕಷಾಯ, ಯೋಗದಲ್ಲೇ ಗುಣ ಕಾಣಬಹುದೇ?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾಗಿದ್ದು ಇಷ್ಟು. ನಿಮಗೆ 26 ವರ್ಷ. ಕೆಲವು ತಿಂಗಳು ರಕ್ತ, ಲೋಳೆ ಬೆರೆತ ಭೇದಿ ಆಗಿ, ಕೊಲೊನೋಸ್ಕೋಪಿಯಲ್ಲಿ (ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ) ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಉರಿಯೂತ, ಎಂದು ಗೊತ್ತಾಗಿದೆ. ಮೆಸಲಮೈನ್ ಎಂಬ ಮಾತ್ರೆ ತೆಗೆದುಕೊಂಡ ಮೇಲೆ ರಕ್ತ ನಿಂತಿದೆ. ಮನೆಯಲ್ಲಿ ಮದುವೆ ಮಾತುಕತೆ ನಡೆದಿದೆ. ‘ಜೀವನಪೂರ್ತಿ ಇಂಗ್ಲಿಷ್ ಮಾತ್ರೆ ಯಾಕೆ, ಬುಡಸಮೇತ ವಾಸಿ ಮಾಡುವವರು ಇದ್ದಾರೆ’ ಎಂದು ನೆಂಟರು ದುಂಬಾಲು ಬಿದ್ದಿದ್ದಾರೆ.

ಮಾತ್ರೆ ಬಿಡಬೇಡಿ. ಪಥ್ಯ, ಯೋಗ, ನಿದ್ದೆ ಎಲ್ಲವನ್ನೂ ಮಾಡಿ, ಆದರೆ ಅದರ ಜೊತೆಗೆ. ನಾನು ಡಾಕ್ಟರಲ್ಲ. ಇದೇ ಕಾಯಿಲೆ ಇಟ್ಟುಕೊಂಡು ಹತ್ತು ವರ್ಷಕ್ಕೂ ಮೇಲ್ಪಟ್ಟು ನೌಕರಿ, ಸಂಸಾರ ಎರಡನ್ನೂ ತೂಗಿಸಿಕೊಂಡು ಬಂದಿರುವ ಸಾಗರದ ಕಡೆಯವನು. ನಮ್ಮೂರಲ್ಲಿ ಔಷಧಿ ಹೇಳದವರೇ ಇಲ್ಲ, ಹಾಗಾಗಿ ನಿಮ್ಮ ನೆಂಟರ ಮಾತು ನನಗೆ ಹೊಸದಲ್ಲ.

ಈ ಉರಿಯೂತ ಗುದನಾಳದಲ್ಲಿ ಶುರುವಾಗಿ ದೊಡ್ಡ ಕರುಳಿನ ಒಳಪದರದುದ್ದಕ್ಕೂ ಮೇಲಕ್ಕೆ ಹಬ್ಬಬಹುದು. ನಮ್ಮದೇ ರೋಗನಿರೋಧಕ ವ್ಯವಸ್ಥೆ ಆ ಪದರದ ಮೇಲೆ ತಿರುಗಿ ಬಿದ್ದಿರುತ್ತದೆ. ಆಮಶಂಕೆಯ ಹಾಗೆ ಒಂದು ಕ್ರಿಮಿ ಹೊಕ್ಕಿ ಬಂದದ್ದಲ್ಲ, ಕ್ರಿಮಿ ಸತ್ತರೆ ಮುಗಿಯಿತು ಎನ್ನುವುದಕ್ಕೆ. ಮೆಸಲಮೈನ್ ಬೇರೆ ಮಾತ್ರೆಗಳಂತೆ ಮೈಯೆಲ್ಲ ಸುತ್ತಿ ಕೆಲಸ ಮಾಡುವುದಕ್ಕಿಂತ ಹೆಚ್ಚಾಗಿ ಕರುಳಿನ ಗೋಡೆಗೇ ತಾಗಿ ಕೆಲಸ ಮಾಡುತ್ತದೆ. ಉರಿಯೂತ ಎಡಭಾಗಕ್ಕೆ, ಗುದನಾಳಕ್ಕೆ ಸೀಮಿತವಾಗಿದ್ದರೆ ಎನಿಮಾ (ಗುದದ್ವಾರದಿಂದ ಒಳಗೆ ಬಿಡುವ ದ್ರವ ಔಷಧಿ) ಅಥವಾ ಸಪೋಸಿಟರಿಯೂ (ಗುದದ್ವಾರದೊಳಗೆ ಇಡುವ ಮಾತ್ರೆ) ಬೇಕಾಗುವುದು ಅದಕ್ಕೇ. ನಾಚಿಕೆಯಿಂದ ಬಹಳ ಜನ ಇದನ್ನು ಬೇಡ ಎನ್ನುತ್ತಾರೆ. ರಾತ್ರಿ ಮಲಗುವ ಮುಂಚೆ ಎಡಮಗ್ಗುಲಾಗಿ ಮಲಗಿ, ಬಲ ಮೊಣಕಾಲು ಮಡಚಿ, ಬಾಟಲಿಯನ್ನು ಸ್ವಲ್ಪ ಬೆಚ್ಚಗೆ ಮಾಡಿಕೊಂಡು ಹಾಕಿಕೊಂಡರೆ ಬೆಳಗಿನವರೆಗೂ ಒಳಗೆ ನಿಲ್ಲುತ್ತದೆ. ಕೆಳಗೊಂದು ಹಳೇ ಟವೆಲ್ ಇರಲಿ. ಮೊದಲ ವಾರ ಕಿರಿಕಿರಿ, ಆಮೇಲೆ ಹಲ್ಲುಜ್ಜಿದಷ್ಟೇ ಸಹಜ.

ಈಗ ನಿಜವಾದ ವಿಷಯ. ರಕ್ತ ನಿಂತಿದೆ ಎಂದರೆ ಉರಿಯೂತ ಹೋಗಿದೆ ಎಂದಲ್ಲ. ಹೊಟ್ಟೆ ಹಾಯಾಗಿದ್ದಾಗಲೂ ಒಳಪದರ ಕೆಂಪಗೆ ಊದಿಕೊಂಡೇ ಇರಬಹುದು. ಇದರ ಉಲ್ಟಾ ಕೂಡ ಇದೆ: ಕರುಳು ಒಳಗೆ ಪೂರ್ತಿ ವಾಸಿಯಾಗಿದ್ದರೂ ಹೊಟ್ಟೆಯುಬ್ಬರ, ನೋವು, ಬೆಳಿಗ್ಗೆ ಮೂರು ಸಲ ಓಡುವುದು ಉಳಿದುಬಿಡಬಹುದು, ಏಕೆಂದರೆ ಕೊಲೈಟಿಸ್ ಇರುವವರಿಗೇ ಐಬಿಎಸ್ (ಉರಿಯೂತವಿಲ್ಲದೆಯೂ ಕರುಳು ಸುಲಭವಾಗಿ ಕೆರಳುವ ತೊಂದರೆ) ಕೂಡ ಇರುವುದು ಅಪರೂಪವಲ್ಲ. ಉರಿಯೂತದ ತೊಂದರೆ, ಐಬಿಎಸ್ ತೊಂದರೆ ಎರಡೂ ಹೊರಗಿನಿಂದ ನೋಡಿದರೆ ಒಂದೇ ಥರ ಕಾಣಬಹುದು. ಮದ್ದು ಮಾತ್ರ ಬೇರೆ ಬೇರೆ. ಮೊದಲನೆಯದಕ್ಕೆ ಔಷಧಿ ಹೆಚ್ಚಿಸಬೇಕು. ಎರಡನೆಯದಕ್ಕೆ ಊಟದ ಬದಲಾವಣೆ, ಪ್ರಾಣಾಯಾಮ, ಮನಸ್ಸಿನ ಒತ್ತಡ ಇಳಿಸುವುದು ನಿಜಕ್ಕೂ ಕೆಲಸಕ್ಕೆ ಬರುತ್ತವೆ. ‘ಯೋಗದಿಂದ ನನ್ನ ಕೊಲೈಟಿಸ್ ಹೋಯಿತು’ ಎನ್ನುವವರಲ್ಲಿ ಕೆಲವರಿಗಾದರೂ ಹೋಗಿದ್ದು ಈ ಎರಡನೆಯದು ಎಂದು ನನ್ನ ಗುಮಾನಿ.

ಯಾವುದು ಯಾವುದು ಎಂದು ತಿಳಿಯಲು ಫೀಕಲ್ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಮಲಪರೀಕ್ಷೆ ಇದೆ. ಉರಿಯೂತ ಇದ್ದಲ್ಲಿಗೆ ಮುತ್ತುವ ಬಿಳಿ ರಕ್ತಕಣಗಳಿಂದ ಬರುವ ಪ್ರೋಟೀನನ್ನು ಅದು ಅಳೆಯುತ್ತದೆ. ಸಾಮಾನ್ಯವಾಗಿ ಗ್ರಾಂಗೆ 50 ಮೈಕ್ರೋಗ್ರಾಂ ಒಳಗಿದ್ದರೆ ನಿರಾಳ, 250 ದಾಟಿದ್ದರೆ ಒಳಗೆ ಬೆಂಕಿ ಇದೆ ಎಂದೇ ಲೆಕ್ಕ, ನಡುವೆ ಇದ್ದರೆ ಮತ್ತೆ ಮಾಡಿಸಬೇಕು. ಸಣ್ಣ ಊರಿನ ಲ್ಯಾಬ್‌ಗಳು ಸ್ಯಾಂಪಲ್ ತೆಗೆದುಕೊಂಡು ಬೆಂಗಳೂರಿಗೋ ಮುಂಬೈಗೋ ಕಳಿಸುತ್ತವೆ, ಸಾದಾ ಮಲಪರೀಕ್ಷೆಗಿಂತ ದುಬಾರಿ. ಕೌಂಟರಿನಲ್ಲಿ ಕೂತ ಹುಡುಗ ‘ಸ್ಟೂಲ್ ರೊಟೀನಾ?’ ಎಂದು ಕೇಳಿದರೆ ‘ಅಲ್ಲ, ಕ್ಯಾಲ್‌ಪ್ರೊಟೆಕ್ಟಿನ್’ ಎಂದು ಚೀಟಿ ತೋರಿಸಿ, ಇಲ್ಲದಿದ್ದರೆ ಬೇರೆಯದನ್ನೇ ಮಾಡಿ ಕೊಟ್ಟಾರು. ಹೊಸ ಪಥ್ಯವನ್ನೋ ಕಷಾಯವನ್ನೋ ಹಿಡಿಯುವ ಮುಂಚೆ ಒಮ್ಮೆ, ಎರಡು ಮೂರು ತಿಂಗಳ ಮೇಲೆ ಒಮ್ಮೆ ಮಾಡಿಸಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿದ್ದ ವಾರ ಬೇಡ, ಅಂಕಿ ಸುಮ್ಮನೆ ಏರುತ್ತದೆ. ಅಷ್ಟೇ ಅಲ್ಲ, ಆ ನೋವಿನ ಮಾತ್ರೆಗಳು ಕೆಲವರಿಗೆ ಕಾಯಿಲೆಯನ್ನೇ ಕೆರಳಿಸುತ್ತವೆ. ಬೆನ್ನುನೋವು, ಮುಟ್ಟಿನ ನೋವಿಗೆ ಮೆಡಿಕಲ್ ಶಾಪಿನವರು ಕೈಗೆ ಕೊಡುವುದು ಅದನ್ನೇ, ಹುಷಾರು.

ಅರಿಶಿನದ ಬಗ್ಗೆ ಕೇಳಿದ್ದೀರಿ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೆಸಲಮೈನ್ ಸಾಲದೇ ಹೋದ 50 ಜನರಿಗೆ, ಅದೇ ಮಾತ್ರೆಯ ಜೊತೆ, ಒಂದು ತಿಂಗಳು ದಿನಕ್ಕೆ 3 ಗ್ರಾಂ ಕರ್ಕ್ಯುಮಿನ್ (ಅರಿಶಿನದಲ್ಲಿರುವ ಮುಖ್ಯ ಅಂಶ) ಇಲ್ಲವೇ ಔಷಧಿಯಿಲ್ಲದ ಹುಸಿಮಾತ್ರೆ ಕೊಟ್ಟಿದ್ದರು. ಕರ್ಕ್ಯುಮಿನ್ ಪಡೆದ 26 ಜನರಲ್ಲಿ 14 ಮಂದಿಗೆ ಕಾಯಿಲೆ ಶಮನವಾಯಿತು, ಹುಸಿಮಾತ್ರೆಯವರಲ್ಲಿ ಒಬ್ಬರಿಗೂ ಇಲ್ಲ. ಸಣ್ಣ ಅಧ್ಯಯನ, ಆದರೆ ತಳ್ಳಿಹಾಕುವಂಥದ್ದಲ್ಲ. ಹಾಗೆಂದು ರಾತ್ರಿ ಅರಿಶಿನದ ಹಾಲು ಕುಡಿದರೆ ಆ ಲೆಕ್ಕ ಮುಟ್ಟುವುದಿಲ್ಲ. ಅಡುಗೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು 3 ಪಾಲು, 3 ಗ್ರಾಂ ಬೇಕೆಂದರೆ ದಿನಾ 100 ಗ್ರಾಂ ಪುಡಿ ತಿನ್ನಬೇಕು! ಕ್ಯಾಪ್ಸೂಲ್ ಆದರೆ ಡಾಕ್ಟರಿಗೆ ಹೇಳಿಯೇ ತೆಗೆದುಕೊಳ್ಳಿ, ಕೆಲವರಿಗೆ ಅದರಿಂದ ಲಿವರ್‌ಗೆ ತೊಂದರೆಯಾದದ್ದಿದೆ.

ದೆಹಲಿಯ ಏಮ್ಸ್‌ನವರು 2022ರಲ್ಲಿ ಪ್ರಕಟಿಸಿದ್ದು ಇನ್ನೂ ಕುತೂಹಲದ್ದು: ಆರೋಗ್ಯವಂತರ ಮಲದಲ್ಲಿರುವ ಸೂಕ್ಷ್ಮಜೀವಿಗಳನ್ನು ಕೊಲೊನೋಸ್ಕೋಪಿ ಮೂಲಕ ರೋಗಿಯ ಕರುಳಿಗೆ ಸೇರಿಸಿ, ಜೊತೆಗೆ ಉರಿಯೂತ ತಗ್ಗಿಸುವ ಪಥ್ಯ ಕೊಟ್ಟರು. ಕಾಯಿಲೆ ತೀರಾ ಜೋರಿಲ್ಲದವರಲ್ಲಿ ಫಲಿತಾಂಶ ಚೆನ್ನಾಗಿಯೇ ಬಂತು. ಆದರೆ ಇದು ಆಸ್ಪತ್ರೆಯಲ್ಲಿ, ದಾನಿಗಳನ್ನು ತಪಾಸಣೆ ಮಾಡಿ ಮಾಡುವ ಕೆಲಸ. ಮನೆಯಲ್ಲಿ ಮಾಡುವುದಕ್ಕೆ ಯೋಚನೆಯೂ ಬೇಡ.

ಊಟಕ್ಕೆ ಬಂದರೆ, ಎಲ್ಲರಿಗೂ ಒಗ್ಗುವ ಒಂದೇ ಪಟ್ಟಿ ಇಲ್ಲ. ಕಾಯಿಲೆ ಕೆರಳಿದ ದಿನಗಳಲ್ಲಿ ನಾನು ಕುಚ್ಚಲಕ್ಕಿ ಬಿಟ್ಟು ಬೆಳ್ತಿಗೆ ಅಕ್ಕಿಯ ಮೆತ್ತನೆ ಅನ್ನ, ಹೆಸರುಬೇಳೆ ತೊವ್ವೆ, ಸಿಪ್ಪೆ ಹೆರೆದ ಸೋರೆಕಾಯಿ, ಬಾಳೆಹಣ್ಣು ಇಷ್ಟಕ್ಕೆ ನಿಲ್ಲುತ್ತೇನೆ. ಹಸಿ ಕೋಸಂಬರಿ, ಮೊಳಕೆಕಾಳು, ಸೊಪ್ಪಿನ ದಂಟು ಆಗ ಮುಟ್ಟುವುದಿಲ್ಲ. ಶಾಂತವಾದ ಮೇಲೆ ನಾರಿನಂಶ ಮತ್ತೆ ಬೇಕೇ ಬೇಕು. ಅನ್ನ-ಮಜ್ಜಿಗೆಯಲ್ಲೇ ವರ್ಷಗಟ್ಟಲೆ ಕಳೆದು ರಕ್ತಹೀನತೆ ತಂದುಕೊಂಡವರನ್ನು ನೋಡಿದ್ದೇನೆ. ಕಬ್ಬಿಣಾಂಶ, ಬಿ12, ವಿಟಮಿನ್ ಡಿ ವರ್ಷಕ್ಕೊಮ್ಮೆಯಾದರೂ ನೋಡಿಸಿ.

ನಮ್ಮಲ್ಲಿ ಹೊಟ್ಟೆ ಕೆಟ್ಟರೆ ಮೊದಲು ನೆನಪಾಗುವುದು ಕೊಡಸಿಗೆ ಹೂವಿನ ತಂಬುಳಿ. ಒಣಗಿಸಿಟ್ಟ ಹೂವನ್ನು ಜೀರಿಗೆ ಜೊತೆ ತುಪ್ಪದಲ್ಲಿ ಗರಿಗರಿ ಹುರಿದು, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆಗೆ ಬೆರೆಸುತ್ತಾರೆ. ಸಣ್ಣ ಕಹಿ, ಬಾಯಿಗೆ ಹಿತ. ಆಯುರ್ವೇದದ ಕುಟಜಾರಿಷ್ಟ ಇದೇ ಗಿಡದ ತೊಗಟೆಯಿಂದ ಮಾಡಿದ್ದು. ನಾನು ತಂಬುಳಿ ಉಣ್ಣುತ್ತೇನೆ, ಊಟವಾಗಿ. ಔಷಧಿ ಅಂತ ಅದರ ಮೇಲೆ ಭಾರ ಹಾಕುವುದಿಲ್ಲ. ಆಯುರ್ವೇದದವರ ಹತ್ತಿರ ಹೋಗುವುದಾದರೆ ಓದಿದ ವೈದ್ಯರ ಬಳಿ ಹೋಗಿ, ಅಲೋಪತಿ ಮಾತ್ರೆ ನಡೆಯುತ್ತಿದೆ ಎಂದು ಹೇಳಿ. ಹೆಸರು, ಲೇಬಲ್ ಇಲ್ಲದ ಪೊಟ್ಟಣದ ಪುಡಿಗೆ ಮಾತ್ರ ಕೈ ಒಡ್ಡಬೇಡಿ. ಅಂಥವುಗಳಲ್ಲಿ ಸ್ಟೀರಾಯ್ಡ್, ಸೀಸ, ಪಾದರಸ ಸಿಕ್ಕಿದ್ದಿದೆ. ಸ್ಟೀರಾಯ್ಡ್ ಬೆರೆತಿದ್ದರೆ ವಾರದಲ್ಲಿ ‘ಪವಾಡ’ ಆಗುತ್ತದೆ, ಪೊಟ್ಟಣ ಮುಗಿದಾಗ ಗೊತ್ತಾಗುತ್ತದೆ.

ಮದುವೆಗೆ ಇದು ಅಡ್ಡಿಯಲ್ಲ. ಗರ್ಭ ಧರಿಸುವ ಹೊತ್ತಿಗೆ ಕಾಯಿಲೆ 3ರಿಂದ 6 ತಿಂಗಳು ಶಾಂತವಾಗಿದ್ದರೆ ಬಸಿರು ಸಾಮಾನ್ಯವಾಗಿ ಸಲೀಸು, ಮೆಸಲಮೈನನ್ನು ಆಗಲೂ ಮುಂದುವರಿಸುತ್ತಾರೆ. ಮಗುವಿಗಾಗಿ ಮಾತ್ರೆ ನಿಲ್ಲಿಸಿ ಕಾಯಿಲೆ ಕೆರಳಿಸಿಕೊಳ್ಳುವುದೇ ಹೆಚ್ಚು ಅಪಾಯ. ಹುಡುಗನಿಗೆ ಮೊದಲೇ ಹೇಳಿಬಿಡಿ, ಫ್ರಿಜ್ ಮೇಲಿನ ಮಾತ್ರೆ ಡಬ್ಬಿ ಬಚ್ಚಿಟ್ಟು ಬದುಕಲು ಆಗುವುದಿಲ್ಲ. ಕಾಯಿಲೆಗೆ ಎಂಟು ವರ್ಷ ತುಂಬಿದ ಮೇಲೆ ಕ್ಯಾನ್ಸರ್ ತಪಾಸಣೆಗೆಂದು ಕೊಲೊನೋಸ್ಕೋಪಿ ಶುರುಮಾಡುತ್ತಾರೆ, ಅದನ್ನೂ ಕ್ಯಾಲೆಂಡರಿನಲ್ಲಿ ಬರೆದಿಡಿ.

ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತ ಹೋಗಿ, ಜೊತೆಗೆ ಜ್ವರವೋ 90 ದಾಟಿದ ನಾಡಿಬಡಿತವೋ ಇದ್ದರೆ ಅದು ಮನೆಮದ್ದಿನ ದಿನವಲ್ಲ. ಗ್ಯಾಸ್ಟ್ರೋ ವಿಭಾಗ ಇರುವ ಆಸ್ಪತ್ರೆಗೆ ಅವತ್ತೇ ಹೋಗಿ, ಹಳೆಯ ಕೊಲೊನೋಸ್ಕೋಪಿ ರಿಪೋರ್ಟ್, ಬಯಾಪ್ಸಿ ಕಾಗದ ಎರಡೂ ಜೊತೆಗಿರಲಿ.